ಗೇರ್‌ಬಾಕ್ಸ್ ಡ್ರೈನ್ ಪ್ಲಗ್ ಜಾಮ್ ಆಗಿದೆ, ಮೂಲೆಗಳೂ ಸವೆಯುತ್ತಿವೆ – ಮುಂದೇನು ಮಾಡಬೇಕು?

ಪ್ರಶ್ನೆ

ಫ್ರಂಟ್ ವೀಲ್ ಡ್ರೈವ್ ಕಾರು, 5 ಸ್ಪೀಡ್ ಮ್ಯಾನುಯಲ್, ಅಲ್ಯೂಮಿನಿಯಂ ಕೇಸಿಂಗ್. ಗೇರ್ ಆಯಿಲ್ ಬದಲಿಸಬೇಕು. ಹಳೆ ಆಯಿಲ್ ಇಳಿಸುವ ಡ್ರೈನ್ ಪ್ಲಗ್‌ಗೆ 24 ಎಂಎಂ ಆರು ಮೂಲೆಯ ತಲೆ, ತಲೆ ತೆಳ್ಳಗಿದೆ, ಅಡಿಯಲ್ಲಿ ವಾಶರ್ ಇದೆ. 12 ಪಾಯಿಂಟ್ ಸಾಕೆಟ್ ಹಾಕಿ ಒಂದೂವರೆ ಅಡಿ ರಾಡ್‌ನಲ್ಲಿ ಎಳೆದರೆ ಪ್ಲಗ್ ಅಲ್ಲಾಡಲಿಲ್ಲ, ಸಾಕೆಟ್ ಜಾರಿ ಎರಡು ಮೂಲೆ ಸವೆದವು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟರೂ ಪ್ರಯೋಜನವಾಗಲಿಲ್ಲ. ಆಯಿಲ್ ತುಂಬುವ ಫಿಲ್ಲರ್ ಪ್ಲಗ್ ಪಕ್ಕದಲ್ಲಿದೆ, 10 ಎಂಎಂ ಅಲನ್ ಕೀ ಹಿಡಿಯುವಂಥದ್ದು, ಅದನ್ನಿನ್ನೂ ಮುಟ್ಟಿಲ್ಲ. ರಾಡ್‌ಗೆ ಇನ್ನೂ ಉದ್ದದ ಪೈಪ್ ತೂರಿಸಿ ಎಳೆದರೆ ಕೇಸಿಂಗ್ ಒಡೆಯುತ್ತದೆಯೇ? ಗ್ಯಾಸ್ ಬರ್ನರ್‌ನಲ್ಲಿ ಪ್ಲಗ್ ಕಾಯಿಸಬಹುದೇ?

ಉತ್ತರ 1

ಡ್ರೈನ್ ಪ್ಲಗ್ ಹಾಗೇ ಬಿಡಿ, ಮೊದಲು ಫಿಲ್ಲರ್ ಬಿಚ್ಚಿ. ಡ್ರೈನ್ ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಫಿಲ್ಲರ್ ಜಾಮ್ ಆಗಿದೆ ಎಂದು ಗೊತ್ತಾದರೆ, ಗಾಡಿ ನಿಂತಲ್ಲಿಂದ ಕದಲುವಂತಿಲ್ಲ. ಅಲನ್ ಗುಂಡಿಯಲ್ಲಿ ಗಟ್ಟಿಯಾದ ಮಣ್ಣು ತುಂಬಿರುತ್ತದೆ. ಚೂಪಾದ ಮೊಳೆಯಿಂದ ತಳದವರೆಗೂ ಕೆರೆದು ತೆಗೆಯಿರಿ. ಬಿಟ್ ಅರ್ಧ ಕೂತರೆ ಗುಂಡಿ ದುಂಡಗಾಗುತ್ತದೆ. ಸುತ್ತಿಗೆಯಿಂದ ಎರಡೇಟು ಹಾಕಿ ಬಿಟ್ ತಳ ಮುಟ್ಟಿದ ಮೇಲೆಯೇ ತಿರುಗಿಸಿ.

ಈಗ ಡ್ರೈನ್. ನಿಮ್ಮಲ್ಲಿ ಕಡಿಮೆ ಇರುವುದು ಬಲವಲ್ಲ, ಹಿಡಿತ. 12 ಪಾಯಿಂಟ್ ಸಾಕೆಟ್ ಮೂಲೆಯ ತುದಿಯನ್ನಷ್ಟೇ ಒತ್ತುತ್ತದೆ. 6 ಪಾಯಿಂಟ್ ಸಾಕೆಟ್ ಮೂಲೆಗಳ ನಡುವಿನ ಚಪ್ಪಟೆ ಬದಿಯ ಮೇಲೆ ಒತ್ತುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಸಾಕೆಟ್‌ನ ಬಾಯಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಒಳಗಂಚು ಒಂದೆರಡು ಎಂಎಂನಷ್ಟು ಇಳಿಜಾರಾಗಿರುತ್ತದೆ. ತಲೆ ಎತ್ತರವಿದ್ದರೆ ಇದರಿಂದ ತೊಂದರೆಯಿಲ್ಲ, ಆದರೆ ತೆಳು ತಲೆಯ ಪ್ಲಗ್‌ನಲ್ಲಿ ಸಾಕೆಟ್ ಹಿಡಿಯಬೇಕಾದ ಲೋಹದ ಅರ್ಧಭಾಗ ಈ ಇಳಿಜಾರಿನಲ್ಲೇ ಹೋಗಿಬಿಡುತ್ತದೆ. ಸಾಕೆಟ್‌ನ ಮುಖವನ್ನು ಗ್ರೈಂಡರ್‌ನಲ್ಲಿ ಚಪ್ಪಟೆಯಾಗಿ ಸವೆಸಿ ಇಳಿಜಾರು ತೆಗೆಯಿರಿ. ಆಗ ಅದು ಬುಡದವರೆಗೂ ಕೂರುತ್ತದೆ.

ಉದ್ದದ ಪೈಪ್ ಹಾಕಬಹುದು, ಆದರೆ ಲೆಕ್ಕ ಗೊತ್ತಿರಲಿ. 60 ಸೆಂ.ಮೀ. ರಾಡ್‌ನ ತುದಿಯಲ್ಲಿ 20 ಕೆ.ಜಿ. ಬಲ ಹಾಕಿದರೆ ಸುಮಾರು 118 ನ್ಯೂಟನ್ ಮೀಟರ್. ಇಂಥ ಪ್ಲಗ್‌ಗಳನ್ನು ಸಾಮಾನ್ಯವಾಗಿ 30ರಿಂದ 50ಕ್ಕೆ ಬಿಗಿಯುವುದು. ಕೇಸಿಂಗ್ ಬಿರುಕು ಬಿಡುವುದು ಹೆಚ್ಚಾಗಿ ರಾಡ್ ಓರೆಯಾಗಿ ಪಕ್ಕಕ್ಕೆ ಒತ್ತಡ ಬಿದ್ದಾಗ. ಸಾಕೆಟ್‌ಗೂ ರಾಡ್‌ಗೂ ನಡುವಿನ ಎಕ್ಸ್‌ಟೆನ್ಶನ್ ಆದಷ್ಟು ಗಿಡ್ಡದಿರಲಿ, ಒಂದು ಕೈ ಸಾಕೆಟ್‌ನ ತಲೆಯನ್ನು ಪ್ಲಗ್‌ಗೆ ಒತ್ತಿ ಹಿಡಿದಿರಲಿ. ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ ನೋಡಿ, ಎಷ್ಟೋ ಸಲ ಕಚ್ಚಿಕೊಂಡಿದ್ದು ಅಲ್ಲೇ ಬಿಡುತ್ತದೆ.

ಗಾಡಿ ಜಾಕ್ ಮೇಲಷ್ಟೇ ನಿಂತಿದ್ದರೆ ಈ ಯಾವುದನ್ನೂ ಮಾಡಬೇಡಿ. ಉದ್ದ ರಾಡ್ ಎಳೆಯುವಾಗ ಗಾಡಿಯೇ ಪಕ್ಕಕ್ಕೆ ಜರುಗುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಇರಬೇಕು.

ಉತ್ತರ 2

ಸ್ಪ್ರೇ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಒಳಗಿನ ಆಯಿಲ್ ಹೊರಗೆ ಬರದಂತೆ ತಡೆಯುವ ಅದೇ ವಾಶರ್ ಹೊರಗಿನ ಸ್ಪ್ರೇಯನ್ನೂ ಒಳಗೆ ಬಿಡುವುದಿಲ್ಲ. ಥ್ರೆಡ್‌ನ ಒಳತುದಿ ಹೇಗೂ ಗೇರ್ ಆಯಿಲ್‌ನಲ್ಲೇ ನೆನೆದಿರುತ್ತದೆ. ಕಚ್ಚಿಕೊಂಡಿರುವುದು ಬಹುಮಟ್ಟಿಗೆ ತಲೆ, ವಾಶರ್, ಕೇಸಿಂಗ್ ಸೇರುವ ಜಾಗದಲ್ಲಿ. ಅದನ್ನು ಬಿಡಿಸುವುದು ಏಟು. ತಲೆಯಷ್ಟೇ ಅಗಲದ ಕಬ್ಬಿಣದ ತುಂಡನ್ನು ಪ್ಲಗ್ ಮೇಲೆ ನೇರವಾಗಿಟ್ಟು ಅರ್ಧ ಕೆ.ಜಿ. ಸುತ್ತಿಗೆಯಿಂದ ನಾಲ್ಕೈದು ಚುರುಕಾದ ಏಟು ಕೊಡಿ. ಜೋರಾಗಿ ಬೇಡ, ಟಣ್ ಎನ್ನಬೇಕು ಅಷ್ಟೆ. ಒಂದು ಎಚ್ಚರಿಕೆ: ವಾಶರ್ ಇಲ್ಲದೆ ಓರೆ ಥ್ರೆಡ್‌ನಲ್ಲೇ ಬಿಗಿಯಾಗುವ ಟೇಪರ್ ಪ್ಲಗ್ ಇದ್ದವರು ಹೀಗೆ ಹೊಡೆಯಬಾರದು, ಅದು ಬೆಣೆಯಂತೆ ಇನ್ನೂ ಒಳಗೆ ಕೂರುತ್ತದೆ.

ಕಾಯಿಸುವುದು ಒಳ್ಳೆಯ ಉಪಾಯವೇ, ಆದರೆ ಕಾಯಿಸಬೇಕಾದ್ದು ಪ್ಲಗ್ ಅಲ್ಲ, ಅದರ ಸುತ್ತಲಿನ ಕೇಸಿಂಗ್. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 18 ಎಂಎಂ ರಂಧ್ರದಲ್ಲಿ 80 ಡಿಗ್ರಿ ಏರಿದರೆ ಎರಡರ ನಡುವೆ ಸಿಗುವ ವ್ಯತ್ಯಾಸ ಸುಮಾರು 0.016 ಎಂಎಂ. ಕೇಳಲು ಏನೇನೂ ಅಲ್ಲ ಅನಿಸುತ್ತದೆ, ಕಚ್ಚಿಕೊಂಡ ಥ್ರೆಡ್‌ಗೆ ಅದೇ ದೊಡ್ಡದು. ಪ್ಲಗ್ ಒಂದನ್ನೇ ಕಾಯಿಸಿದರೆ ಅದು ಉಬ್ಬಿ ಇನ್ನೂ ಬಿಗಿಯಾಗುತ್ತದೆ.

ಮೊದಲು ಗಾಡಿಯನ್ನು 15–20 ನಿಮಿಷ ಓಡಿಸಿ ತನ್ನಿ. ಆಯಿಲ್ ತೆಳುವಾಗಿ ಪೂರ್ತಿ ಇಳಿಯುವುದಕ್ಕೂ ಅದು ಬೇಕು. ಸ್ಪ್ರೇಯನ್ನು ಚೆನ್ನಾಗಿ ಒರೆಸಿ, ಹೀಟ್ ಗನ್‌ನಿಂದ ಪ್ಲಗ್ ಸುತ್ತ ವೃತ್ತಾಕಾರವಾಗಿ ಕಾಯಿಸಿ. ನೀರಿನ ಹನಿ ಬಿದ್ದರೆ ಚುಂಯ್ ಎಂದು ಆರುವಷ್ಟು ಬಿಸಿ ಸಾಕು. ಬರ್ನರ್ ಬೇಡವೇ ಬೇಡ. ಸ್ಪ್ರೇಗೆ ಬೆಂಕಿ ಹತ್ತುತ್ತದೆ, ಡ್ರೈವ್‌ಶಾಫ್ಟ್‌ನ ರಬ್ಬರ್ ಸೀಲ್ ಸುಡುತ್ತದೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆ ಕೊಡುವುದೂ ಇಲ್ಲ, ಬಣ್ಣ ಬದಲಾಗದೆಯೇ ಮೆತ್ತಗಾಗುತ್ತದೆ.

ಪ್ರಶ್ನೆ ಕೇಳಿದವರು

ಫಿಲ್ಲರ್ ಬಿಚ್ಚಿತು. ಡ್ರೈನ್‌ಗೆ ಬಾಯಿ ಸವೆಸಿದ 6 ಪಾಯಿಂಟ್ ಸಾಕೆಟ್, ಏಟು, ಹೀಟ್ ಗನ್ ಎಲ್ಲ ಆಯಿತು. ಕೂದಲೆಳೆಯಷ್ಟು ತಿರುಗಿ ಮತ್ತೆ ನಿಂತಿದೆ. ಆದರೆ ತಲೆ ಈಗ ಹೆಚ್ಚುಕಡಿಮೆ ದುಂಡಗಾಗಿದೆ. ತಲೆಯ ನಡುವೆ ತೂತು ಕೊರೆದು ಈಸಿ ಔಟ್ ಹಾಕಲೇ?

ಉತ್ತರ 3

ಈಸಿ ಔಟ್ ಬೇಡ. ಅದು ಓರೆಯಾದ ಸಲಾಕೆ, ತಿರುಗಿಸಿದಷ್ಟೂ ಪ್ಲಗ್ಗನ್ನು ಒಳಗಿನಿಂದ ಅಗಲಿಸಿ ಥ್ರೆಡ್‌ಗೆ ಒತ್ತುತ್ತದೆ. ಒಳಗೇ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯುವುದಿಲ್ಲ. ಕೊರೆದ ಚೂರೂ ಗೇರ್‌ಬಾಕ್ಸ್ ಒಳಗೆ ಬೀಳುತ್ತದೆ.

ಕೂದಲೆಳೆ ತಿರುಗಿದೆ ಅಂದರೆ ಅರ್ಧ ಕೆಲಸ ಮುಗಿದಂತೆ. ದುಂಡಗಾದ ತಲೆ ಹಿಡಿಯಲೆಂದೇ ಒಳಗೆ ಸುರುಳಿ ಹಲ್ಲಿರುವ ಸಾಕೆಟ್ ಸಿಗುತ್ತದೆ. ಸ್ವಲ್ಪ ಚಿಕ್ಕ ಅಳತೆಯದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ಬಿಚ್ಚಿ. ಅದೂ ಜಾರಿದರೆ ಚೂಪಾದ ಉಳಿ: ತಲೆಯ ಅಂಚಿನಲ್ಲಿ ಮೊದಲು ನೇರವಾಗಿ ಹೊಡೆದು ಒಂದು ಕಚ್ಚು ಮಾಡಿ, ಆಮೇಲೆ ಉಳಿಯನ್ನು ಮಲಗಿಸಿ ಆ ಕಚ್ಚಿನಲ್ಲಿ ಬಿಚ್ಚುವ ದಿಕ್ಕಿಗೆ ಹೊಡೆಯಿರಿ. ಏಟು ಮತ್ತು ತಿರುವು ಎರಡೂ ಒಟ್ಟಿಗೆ ಸಿಗುವುದರಿಂದ ರಾಡ್‌ಗೆ ಜಗ್ಗದ್ದು ಇದಕ್ಕೆ ಜಗ್ಗುತ್ತದೆ. ಉಳಿ ಅಲ್ಯೂಮಿನಿಯಂಗೆ ತಾಗದಂತೆ ನೋಡಿಕೊಳ್ಳಿ. ವಾಶರ್ ಕೂರುವ ಮುಖದಲ್ಲಿ ಒಂದು ಗೀರು ಬಿದ್ದರೂ ಆಯಿಲ್ ಜಿನುಗುತ್ತದೆ.

ಕೊನೆಗೆ ಉಳಿಯುವುದು ತಲೆಯ ಮೇಲೆ ನಟ್ ವೆಲ್ಡ್ ಮಾಡುವುದು. ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಅರ್ತ್ ಕ್ಲ್ಯಾಂಪ್ ಪ್ಲಗ್‌ಗೆ ಹತ್ತಿರ, ಕೇಸಿಂಗ್ ಮೇಲೇ ಇರಲಿ, ಇಲ್ಲದಿದ್ದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹಾಯಬಹುದು. ಸ್ವಚ್ಛಗೊಳಿಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಖಂಡಿತ ಬೇಡ, ವೆಲ್ಡಿಂಗ್ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಬಿಸಿ ಸ್ವಲ್ಪ ಇಳಿದ ಮೇಲೆ ತಿರುಗಿಸಿ. ಪ್ಲಗ್‌ನಲ್ಲಿ ಲೋಹದ ಚೂರು ಹಿಡಿಯುವ ಆಯಸ್ಕಾಂತವಿದ್ದರೆ ಈ ಶಾಖಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಯಾವ ದಾರಿ ಹಿಡಿದರೂ ಹೊಸ ಪ್ಲಗ್ ತಂದಿಟ್ಟುಕೊಂಡೇ ಶುರು ಮಾಡಿ.

ಇದಾವುದೂ ಸದ್ಯ ಬೇಡ ಅನಿಸಿದರೆ, ಫಿಲ್ಲರ್ ಹೇಗೂ ಬಿಚ್ಚಿದೆಯಲ್ಲ, ತೆಳು ಪೈಪ್ ತಳದವರೆಗೆ ಇಳಿಸಿ ಕೈಪಂಪ್‌ನಲ್ಲಿ ಹಳೆ ಆಯಿಲ್ ಎಳೆದು ತೆಗೆಯಬಹುದು. ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಆಯಸ್ಕಾಂತ ಒರೆಸಲು ಆಗುವುದಿಲ್ಲ. ಆದರೂ ಕೇಸಿಂಗ್ ಹಾಳುಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಉತ್ತರ 1 ಬರೆದವರು

ಉಳಿಯ ಉಪಾಯಕ್ಕೆ ನನ್ನ ಒಪ್ಪಿಗೆಯಿದೆ. ಪ್ಲಗ್ ಬಿಡಿಸಿಕೊಂಡು ತಿರುಗಲು ಶುರುವಾದಾಗ ಒಂದೇ ಉಸಿರಿಗೆ ಬಿಚ್ಚಬೇಡಿ. ಮಧ್ಯೆ ಗಟ್ಟಿಯಾದರೆ ಕಾಲು ಸುತ್ತು ಹಿಂದಕ್ಕೆ ಬಿಗಿದು ಮತ್ತೆ ಬಿಚ್ಚಿ. ಹಾಗೇ ಎಳೆದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಪ್ಲಗ್‌ನೊಂದಿಗೇ ಬರುತ್ತದೆ.

ತೆಗೆದ ಪ್ಲಗ್‌ನ ತುದಿ ನೋಡಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಪೇಸ್ಟ್ ಸಹಜ ಸವೆತ. ಉಗುರಿಗೆ ಸಿಗುವ ಚಕ್ಕೆ ಅಥವಾ ಹಲ್ಲಿನ ತುಣುಕು ಇದ್ದರೆ ಆಯಿಲ್ ಬದಲಿಸಿ ಸುಮ್ಮನಾಗುವ ವಿಷಯ ಅಲ್ಲ, ಗೇರ್‌ಬಾಕ್ಸ್ ಬಿಚ್ಚಿ ನೋಡಬೇಕು.

ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್‌ನಂಥ ಇನ್ಸರ್ಟ್ (ರಂಧ್ರದಲ್ಲಿ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಿ. ಅದಕ್ಕಾಗಿ ಥ್ರೆಡ್ ಕೊಯ್ಯುವ ಟ್ಯಾಪ್‌ನ ತೋಡುಗಳಿಗೆ ಗ್ರೀಸ್ ತುಂಬಿದರೆ ಚೂರು ಅದಕ್ಕೇ ಅಂಟುತ್ತದೆ. ಥ್ರೆಡ್ ಕೊಯ್ದುಕೊಂಡೇ ಒಳಹೋಗುವ ದಪ್ಪ ಪ್ಲಗ್ ತಾತ್ಕಾಲಿಕ, ಅದಕ್ಕೆ ಕೈಹಾಕಬೇಡಿ.

ಹೊಸ ವಾಶರ್ ಹಾಕಿ, ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ, ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಪ್ಲಗ್ ಈ ಗತಿಗೆ ಬಂದದ್ದು ಅತಿಯಾಗಿ ಬಿಗಿದದ್ದರಿಂದಲೇ ಇರಬಹುದು. ಆಯಿಲ್ ವಿಷಯದಲ್ಲಿ ಮ್ಯಾನುಯಲ್ ಜಿಎಲ್-4 (ಗೇರ್ ಆಯಿಲ್‌ನ ಒಂದು ದರ್ಜೆ) ಎಂದಿದ್ದರೆ ಬರೀ ಜಿಎಲ್-5 ಬರೆದ ಡಬ್ಬಿ ತರಬೇಡಿ. ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗ್ ಹಿತ್ತಾಳೆಯದಾಗಿದ್ದರೆ ಜಿಎಲ್-5ರ ಗಂಧಕದ ಅಂಶ ಅದನ್ನು ಕ್ರಮೇಣ ತಿನ್ನಬಹುದು, ಗೇರ್ ಬೀಳುವಾಗ ಕರಕರ ಎನ್ನಲೂಬಹುದು. ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ರಂಧ್ರದ ಕೆಳ ಅಂಚಿನಿಂದ ಆಯಿಲ್ ತೊಟ್ಟಿಕ್ಕಿದರೆ ಅದೇ ಸರಿಯಾದ ಮಟ್ಟ. ಮುಂಭಾಗ ಮಾತ್ರ ಎತ್ತಿಟ್ಟು ತುಂಬಿದರೆ ಅಳತೆ ತಪ್ಪುತ್ತದೆ. ಕೆಲವು ಗೇರ್‌ಬಾಕ್ಸ್‌ಗೆ ಅಳೆದೇ ಸುರಿಯಬೇಕು, ಅದನ್ನು ಮ್ಯಾನುಯಲ್‌ನಲ್ಲೇ ನೋಡಿಕೊಳ್ಳಿ.