ಕರ್ಸ್ ಆಫ್ ಮಂಕಿ ಐಲ್ಯಾಂಡ್: ವಿಂಡೋಸ್ 11ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ, ಸ್ಕಮ್‌ವಿಎಂನಲ್ಲಿ ಅರ್ಧಕ್ಕೇ ನಿಲ್ಲುತ್ತದೆ

ಕಡಲ್ಗಳ್ಳ_97

ಎಲ್ಲರಿಗೂ ನಮಸ್ಕಾರ. ಅಣ್ಣ ಅಮೆರಿಕದಿಂದ ಬರುವಾಗ ತಂದಿದ್ದ 'ದಿ ಕರ್ಸ್ ಆಫ್ ಮಂಕಿ ಐಲ್ಯಾಂಡ್' ಆಟದ ಪೆಟ್ಟಿಗೆ ಇನ್ನೂ ನನ್ನ ಹತ್ತಿರ ಇದೆ. 1997ರ ಮೂಲ ಆವೃತ್ತಿ, ಎರಡು ಸಿಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11. ಯುಎಸ್‌ಬಿ ಡ್ರೈವ್‌ಗೆ ಸಿಡಿ ಹಾಕಿ ಸೆಟಪ್ ಒತ್ತಿದರೆ, ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂದು ಬರುತ್ತದೆ. ಕಂಪ್ಯಾಟಿಬಿಲಿಟಿ ಮೋಡ್ ಬದಲಿಸಿದರೂ ಅಷ್ಟೇ.

ಹಳೇ ಅಡ್ವೆಂಚರ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ನಡೆಸುವ ಸ್ಕಮ್‌ವಿಎಂ ಪ್ರೋಗ್ರಾಂ ಹಾಕಿಕೊಂಡೆ. ಅದು ಆಟವನ್ನು ಗುರುತಿಸಿತು, ಚೆನ್ನಾಗಿಯೇ ನಡೆಯಿತು. ಪ್ಲಂಡರ್ ದ್ವೀಪದ ಕೆಲಸ ಎಲ್ಲ ಮುಗಿಸಿ ಬ್ಲಡ್ ದ್ವೀಪದ ಕಡೆ ಹೊರಟರೆ, ಫೈಲ್ ಸಿಗುತ್ತಿಲ್ಲ, 2ನೇ ಡಿಸ್ಕ್ ಹಾಕಿ ಎಂದು ಕೇಳುತ್ತದೆ. ಡಿಸ್ಕ್ ಹಾಕಿದರೂ ಮುಂದಕ್ಕೆ ಹೋಗುವುದಿಲ್ಲ. ಇಷ್ಟು ದೂರ ಆಡಿದ್ದು ಹಾಳಾಗುತ್ತಾ?

ಹಳೇ_ಮೌಸ್

ಗಾಬರಿ ಬೇಡ, ಆಡಿದ್ದು ಏನೂ ಹೋಗಿಲ್ಲ.

ಮೊದಲು ಸೆಟಪ್ ವಿಷಯ. ಆ ಸಿಡಿಯಲ್ಲಿರುವ ಇನ್‌ಸ್ಟಾಲರ್ 16 ಬಿಟ್ ಕಾಲದ್ದು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನಡೆಸುವ ಭಾಗವೇ ಇಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಏನು ಬದಲಿಸಿದರೂ ಪ್ರಯೋಜನ ಇಲ್ಲ. ಅದನ್ನು ಅಲ್ಲಿಗೇ ಬಿಡಿ. ಸ್ಕಮ್‌ವಿಎಂಗೆ ಇನ್‌ಸ್ಟಾಲರ್ ಬೇಕಾಗಿಯೇ ಇಲ್ಲ. ಸಿಡಿಯಲ್ಲಿರುವ ಡೇಟಾ ಫೈಲ್‌ಗಳು ಸಿಕ್ಕರೆ ಸಾಕು, ಆಟ ನಡೆಸುವ ಕೆಲಸ ಅದರದ್ದು.

ಈಗ ಒಂದು ಕೆಲಸ ಮಾಡಿ. ಆಟದ ಫೋಲ್ಡರ್ ತೆರೆದು ಅದರಲ್ಲಿ ಏನೇನಿದೆ ಹೇಳಿ. 'ಕೋಮಿ' ಹೆಸರಿನ ಫೈಲ್‌ಗಳು ಎಷ್ಟಿವೆ? ಅವುಗಳ ಎಕ್ಸ್‌ಟೆನ್ಶನ್ ಎಲ್‌ಎ0, ಎಲ್‌ಎ1, ಎಲ್‌ಎ2 ಎಂದಿರಬೇಕು. 'ರಿಸೋರ್ಸ್' ಎನ್ನುವ ಒಳಫೋಲ್ಡರ್ ಇದೆಯಾ?

ಕಡಲ್ಗಳ್ಳ_97

ಎಲ್‌ಎ0 ಮತ್ತು ಎಲ್‌ಎ1 ಇವೆ. ಎಲ್‌ಎ2 ಇಲ್ಲ. ರಿಸೋರ್ಸ್ ಫೋಲ್ಡರ್ ಇದೆ. ಆದರೆ ಎಲ್ಲ ಫೈಲ್ ಇಲ್ಲದೆ ಸ್ಕಮ್‌ವಿಎಂ ಆಟವನ್ನು ಪಟ್ಟಿಗೆ ಸೇರಿಸಿಕೊಂಡಿದ್ದು ಹೇಗೆ ಸರ್?

ಹಳೇ_ಮೌಸ್

ಒಳ್ಳೇ ಪ್ರಶ್ನೆ. ಈ ಆಟದಲ್ಲಿ ತುಂಬ ಜನ ಸಿಕ್ಕಿಕೊಳ್ಳುವುದು ಇಲ್ಲೇ.

ಎಲ್‌ಎ0 ಅನ್ನುವುದು ಇಡೀ ಆಟದ ಸೂಚಿ. ಯಾವ ಜಾಗ ಯಾವ ಫೈಲಿನಲ್ಲಿದೆ ಎನ್ನುವ ಲೆಕ್ಕ ಅದರಲ್ಲಿರುತ್ತದೆ. ಸ್ಕಮ್‌ವಿಎಂ ಆ ಫೈಲನ್ನು ನೋಡಿಯೇ ಇದು ಯಾವ ಆಟ ಎಂದು ಗುರುತಿಸುತ್ತದೆ. ಉಳಿದದ್ದೆಲ್ಲ ಇದೆಯೋ ಇಲ್ಲವೋ ಎಂದು ಆಗ ನೋಡುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಹೆಸರು ಬಂದರೆ ಆಟ ಪೂರ್ತಿ ಇದೆ ಎಂದು ಅರ್ಥವಲ್ಲ. ಎಲ್‌ಎ1 ಇರುವವರೆಗೆ ಆಟ ಸರಾಗ ಸಾಗುತ್ತದೆ. ಎಲ್‌ಎ2 ಬೇಕಾದ ಜಾಗಕ್ಕೆ ಬಂದಾಗ ನಿಲ್ಲುತ್ತದೆ. ನಿಮಗೆ ಆಗಿರುವುದು ಅದೇ.

ಹೀಗೆ ಮಾಡಿ:

2ನೇ ಸಿಡಿ ಹಾಕಿ, ಅದರಲ್ಲಿರುವ ಎಲ್‌ಎ2 ಫೈಲನ್ನು ಎಲ್‌ಎ1 ಇರುವ ಜಾಗಕ್ಕೇ ಕಾಪಿ ಮಾಡಿ. ಎಲ್‌ಎ0 ಎರಡೂ ಸಿಡಿಯಲ್ಲಿದೆ, ಎರಡೂ ಒಂದೇ, ಅದನ್ನು ಮುಟ್ಟಬೇಕಿಲ್ಲ. ಆಮೇಲೆ 2ನೇ ಸಿಡಿಯ ರಿಸೋರ್ಸ್ ಫೋಲ್ಡರ್ ಒಳಗಿರುವುದನ್ನೆಲ್ಲ ನಿಮ್ಮ ರಿಸೋರ್ಸ್ ಫೋಲ್ಡರ್ ಒಳಕ್ಕೆ ಹಾಕಿ. ಕೆಲವು ಫೈಲ್ ಈಗಾಗಲೇ ಇದೆ ಎಂದು ವಿಂಡೋಸ್ ಕೇಳುತ್ತದೆ. ಬದಲಿಸಿದರೂ ಸರಿ, ಬಿಟ್ಟರೂ ಸರಿ, ಎರಡೂ ಕಡೆ ಅವು ಒಂದೇ. ಇನ್ನೊಂದು ರಿಸೋರ್ಸ್ ಫೋಲ್ಡರ್ ಮಾತ್ರ ಮಾಡಬೇಡಿ.

ಈ ಒಳಫೋಲ್ಡರ್ ಬಗ್ಗೆ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮಾತು, ಸಂಗೀತ, ನಡುವೆ ಬರುವ ಸಿನಿಮಾ ತುಣುಕು, ತೆರೆಯ ಮೇಲಿನ ಅಕ್ಷರಗಳ ಫಾಂಟ್, ಎಲ್ಲ ಅದರಲ್ಲೇ ಇವೆ. ಮಾತಿನ ಫೈಲ್ ಡಿಸ್ಕಿಗೆ ಒಂದರಂತೆ ಬೇರೆಬೇರೆ: 'ವಾಕ್ಸ್‌ಡಿಸ್ಕ್1', 'ವಾಕ್ಸ್‌ಡಿಸ್ಕ್2', ಎಕ್ಸ್‌ಟೆನ್ಶನ್ 'ಬಿಯುಎನ್'. ಸಂಗೀತಕ್ಕೂ ಹಾಗೆಯೇ, 'ಮಸ್‌ಡಿಸ್ಕ್1' ಮತ್ತು 'ಮಸ್‌ಡಿಸ್ಕ್2'. ಈ ನಾಲ್ಕೂ ಇವೆಯಾ ನೋಡಿಕೊಳ್ಳಿ. ಡಾಮಿನಿಕ್ ಅರ್ಮಾಟೊ ಆಟದ ನಾಯಕ ಗೈಬ್ರಷ್‌ಗೆ ಮೊದಲ ಸಲ ದನಿ ಕೊಟ್ಟಿದ್ದು ಈ ಆಟದಲ್ಲೇ. ಆ ದನಿ ಇಲ್ಲದೆ ಬರೀ ಅಕ್ಷರ ಓದಿಕೊಂಡು ಆಡುವಂತಾಗಬಾರದು.

ಕಡಲ್ಗಳ್ಳ_97

ಎಲ್‌ಎ2 ಬಂತು. ವಾಕ್ಸ್‌ಡಿಸ್ಕ್2 ಮಾತ್ರ ಮುಕ್ಕಾಲು ಭಾಗ ಕಾಪಿಯಾಗಿ ಡೇಟಾ ಎರರ್ ಎಂದು ನಿಂತುಬಿಡುತ್ತದೆ. ಸಿಡಿ ಮೇಲೆ ಗೀರು ಜಾಸ್ತಿ ಏನಿಲ್ಲ, ಮಂಕಾಗಿದೆ ಅಷ್ಟೇ.

ಪಯಣಿಗ

ಮಧ್ಯೆ ಬಾಯಿ ಹಾಕುತ್ತೇನೆ. ಮೆತ್ತನೆ ಬಟ್ಟೆ ಸ್ವಲ್ಪ ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಉಜ್ಜಬೇಡಿ. ಡೇಟಾ ಇರುವುದು ಸುರುಳಿಯಾಗಿ, ಆ ದಿಕ್ಕಿನಲ್ಲೇ ಗೀರು ಬಿದ್ದರೆ ಒಂದೇ ಕಡೆ ತುಂಬ ಹಾಳಾಗುತ್ತದೆ, ಡ್ರೈವ್ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಒಣಗಿದ ಮೇಲೆ ಬೇರೆ ಡ್ರೈವ್‌ನಲ್ಲಿ ನೋಡಿ. ಹಳೇ ಡೆಸ್ಕ್‌ಟಾಪ್ ಯಾರ ಮನೆಯಲ್ಲಾದರೂ ಇದ್ದರೆ ಅದರ ಡ್ರೈವ್ ಎಷ್ಟೋ ಸಲ ತೆಳು ಯುಎಸ್‌ಬಿ ಡ್ರೈವ್‌ಗಿಂತ ಚೆನ್ನಾಗಿ ಓದುತ್ತದೆ. ಒಮ್ಮೆ ಓದಿತು ಅಂದರೆ ತಕ್ಷಣ ಎರಡೂ ಸಿಡಿಗೆ ಐಎಸ್‌ಒ (ಇಡೀ ಸಿಡಿಯ ನಕಲು ಒಂದೇ ಫೈಲಿನಲ್ಲಿ) ಮಾಡಿ ಇಟ್ಟುಕೊಳ್ಳಿ.

ಏನು ಮಾಡಿದರೂ ಓದದಿದ್ದರೆ, 2018ರಿಂದ ಜಿಒಜಿ ಮತ್ತು ಸ್ಟೀಮ್ ಆನ್‌ಲೈನ್ ಅಂಗಡಿಗಳಲ್ಲಿ ಇದೇ ಆಟ ಮಾರಾಟಕ್ಕಿದೆ.

ಕಡಲ್ಗಳ್ಳ_97

ಗೆಳೆಯನ ಹಳೇ ಡೆಸ್ಕ್‌ಟಾಪ್‌ನಲ್ಲಿ ಓದಿತು! ಐಎಸ್‌ಒ ಕೂಡ ಆಯಿತು. ನಿಂತಿದ್ದ ಕಡೆಯಿಂದಲೇ ಆಟ ಮುಂದುವರಿಯಿತು. ಇಬ್ಬರಿಗೂ ತುಂಬ ಥ್ಯಾಂಕ್ಸ್.

ಇನ್ನೊಂದು ಸಣ್ಣ ವಿಷಯ. ಫುಲ್‌ಸ್ಕ್ರೀನ್ ಮಾಡಿದರೆ ಎಡಬಲಕ್ಕೆ ಕಪ್ಪು ಪಟ್ಟಿ. ಅದನ್ನು ತೆಗೆಯಲು ಸ್ಟ್ರೆಚ್ ಮಾಡಿದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ. ಗೆರೆಗಳೂ ಒಂದೊಂದು ಕಡೆ ಒಂದೊಂದು ದಪ್ಪ.

ಚುಕ್ಕಿಚಿತ್ರ

ಆ ಕಪ್ಪು ಪಟ್ಟಿಯನ್ನು ದಯವಿಟ್ಟು ಇರಲು ಬಿಡಿ. ಚಿತ್ರ ಬರೆದಿರುವುದೇ 640×480 ಚುಕ್ಕಿಗೆ (ಪಿಕ್ಸೆಲ್), ಅಂದರೆ ಅಗಲ-ಎತ್ತರ 4:3. ಹಿನ್ನೆಲೆ ಚಿತ್ರಗಳ ಕಲಾವಿದ ಬಿಲ್ ಟಿಲ್ಲರ್ ತಂಡ ಬಿಡಿಸಿದ ಆ ಸುತ್ತಿಕೊಂಡ ಮೋಡಗಳನ್ನು, ಓರೆ ಮನೆಗಳನ್ನು ಅಗಲಕ್ಕೆ ಎಳೆದರೆ ಅದರ ಚಂದವೇ ಹೋಗುತ್ತದೆ.

ಗೆರೆಯ ವಿಷಯ ಲೆಕ್ಕದ್ದು. ನಿಮ್ಮದು 1080 ಚುಕ್ಕಿ ಎತ್ತರದ ತೆರೆ ಇರಬೇಕು. 1080ನ್ನು 480ರಿಂದ ಭಾಗಿಸಿದರೆ 2.25. ಒಂದು ಚುಕ್ಕಿಗೆ ಎರಡೂಕಾಲು ಚುಕ್ಕಿ ಬಿಡಿಸಲು ಆಗುವುದಿಲ್ಲ. ಹಾಗಾಗಿ ಕೆಲವು ಎರಡಾಗುತ್ತವೆ, ಕೆಲವು ಮೂರು. ಗೈಬ್ರಷ್ ಮುಖದ ಕಪ್ಪು ಅಂಚನ್ನು ಹತ್ತಿರದಿಂದ ನೋಡಿ, ಅವನು ನಡೆಯುವಾಗ ಅದು ದಪ್ಪ-ತೆಳು ಆಗುತ್ತಿರುತ್ತದೆ. ಗ್ರಾಫಿಕ್ಸ್ ಆಯ್ಕೆಯಲ್ಲಿ ಸ್ಟ್ರೆಚ್ ಮೋಡನ್ನು 'ಪಿಕ್ಸೆಲ್ ಪರ್ಫೆಕ್ಟ್' ಮಾಡಿದರೆ ಸರಿಯಾಗಿ ಎರಡು ಪಟ್ಟು, 1280×960 ಬರುತ್ತದೆ. ನಾಲ್ಕೂ ಕಡೆ ಸ್ವಲ್ಪ ಕಪ್ಪು ಉಳಿಯುತ್ತದೆ, ಗೆರೆ ಮಾತ್ರ ಒಪ್ಪವಾಗಿರುತ್ತದೆ. ದೊಡ್ಡದಾಗಿಯೇ ಬೇಕು ಅಂದರೆ 'ಫಿಟ್ ಟು ವಿಂಡೋ' ಇಟ್ಟು ಫಿಲ್ಟರ್ ಆನ್ ಮಾಡಿ. ಸ್ವಲ್ಪ ಮೃದುವಾಗುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ನನ್ನ ಮತ ಮೊದಲನೆಯದಕ್ಕೆ.

ಆಸ್ಪೆಕ್ಟ್ ರೇಶಿಯೋ ಕರೆಕ್ಷನ್ ಆಯ್ಕೆಯಿಂದ ಈ ಆಟಕ್ಕೆ ಏನೂ ಆಗುವುದಿಲ್ಲ. ಅದು ಮೊದಲೆರಡು ಮಂಕಿ ಐಲ್ಯಾಂಡ್, 'ಫುಲ್ ಥ್ರಾಟಲ್'ನಂಥ 320×200ರ ಆಟಗಳಿಗೆ. ಅವುಗಳಲ್ಲಿ ತಪ್ಪದೆ ಆನ್ ಮಾಡಿ, ಇಲ್ಲದಿದ್ದರೆ ಎಲ್ಲರೂ ಕುಳ್ಳಗೆ ಕಾಣುತ್ತಾರೆ.

ನೀಲಿದೀಪ

ಇದೇ ಆಟ, ಇದೇ ಸ್ಕಮ್‌ವಿಎಂ, ನನ್ನದು ಬೇರೆ ತೊಂದರೆ. ವಸ್ತುಗಳ ಮೇಲೆ ಟಚ್‌ಪ್ಯಾಡ್ ತಟ್ಟಿದರೆ ಗೈಬ್ರಷ್ ಅಲ್ಲಿಗೆ ನಡೆದುಹೋಗುತ್ತಾನೆ ಅಷ್ಟೇ. ಎತ್ತಿಕೊಳ್ಳುವುದು, ಮಾತಾಡಿಸುವುದು ಏನೂ ಆಗುತ್ತಿಲ್ಲ. ಫೈಲ್ ಎಲ್ಲ ಸರಿ ಇವೆ.

ಹಳೇ_ಮೌಸ್

ಮೇಡಂ, ಎಡ ಬಟನ್ ಒತ್ತಿ ಹಿಡಿದುಕೊಳ್ಳಬೇಕು. ಆಗ ಒಂದು ಚಿನ್ನದ ನಾಣ್ಯ ಮೂಡುತ್ತದೆ. ಅದರಲ್ಲಿ ಕೈ, ತಲೆಬುರುಡೆ, ಗಿಳಿ ಇರುತ್ತವೆ. ಕೈ ಎಂದರೆ ಎತ್ತುವುದು, ಬಳಸುವುದು. ಬುರುಡೆ ನೋಡುವುದಕ್ಕೆ. ಗಿಳಿ ಮಾತಾಡುವುದಕ್ಕೆ, ತಿನ್ನುವುದಕ್ಕೆ, ಒಟ್ಟು ಬಾಯಿ ಕೆಲಸ. ಬಟನ್ ಬಿಡದೆಯೇ ಬೇಕಾದುದರ ಮೇಲೆ ಜರುಗಿ ಆಮೇಲೆ ಬಿಡಿ. ಟಚ್‌ಪ್ಯಾಡ್‌ನಲ್ಲಿ ಸುಮ್ನೆ ತಟ್ಟಿದರೆ ಅದು ಹಿಡಿದ ಹಾಗೆ ಲೆಕ್ಕಕ್ಕೆ ಬರುವುದಿಲ್ಲ. ಎರಡು ಸಲ ತಟ್ಟಿ, ಎರಡನೆಯದರಲ್ಲಿ ಬೆರಳು ಎತ್ತದೆ ಇಟ್ಟುಕೊಳ್ಳಿ. ಬಲ ಬಟನ್ ಒತ್ತಿದರೆ ಕೂಡಿಟ್ಟ ಸಾಮಾನಿನ ಪೆಟ್ಟಿಗೆ ತೆರೆಯುತ್ತದೆ. ಒಂದು ಸಾದಾ ಮೌಸ್ ಇದ್ದರೆ ಅದೇ ವಾಸಿ.

ನೀಲಿದೀಪ

ನಾಣ್ಯ ಬಂತು! ಹಡಗಿನಲ್ಲಿದ್ದ ವಾಲಿ ಜೊತೆ ಮಾತು ಶುರುವಾಯಿತು. ಆಡಿದ್ದನ್ನು ಫೋನಿಗೆ ಒಯ್ಯಬಹುದಾ?

ಹಳೇ_ಮೌಸ್

ಒಯ್ಯಬಹುದು. ಸ್ಕಮ್‌ವಿಎಂ ಆಂಡ್ರಾಯ್ಡ್‌ಗೂ ಇದೆ. ಆಟದ ಫೋಲ್ಡರ್, ಸೇವ್ ಫೈಲ್ ಎರಡನ್ನೂ ಕಾಪಿ ಮಾಡಿ. ಫೋನಿನಲ್ಲಿ ಹಾಕುವ ಆವೃತ್ತಿ ಲ್ಯಾಪ್‌ಟಾಪ್‌ನದ್ದಕ್ಕಿಂತ ಹಳೆಯದಾಗಿರದಂತೆ ನೋಡಿಕೊಳ್ಳಿ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯದೇ ಇರಬಹುದು.