ಅಪ್‌ಡೇಟ್: ಡಮಾಸ್ಕಸ್ ಚಾಕುವಿನ ಅಲೆಗೆರೆಗಳು ಮರಳಿ ಬಂದವು

ಕೈಯಿಂದ ಮಾಡಿಸಿಕೊಂಡಿದ್ದ ಡಮಾಸ್ಕಸ್ ಚಾಕುವಿನ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿದಾಗ ಅಲಗಿನ ಅಲೆಗೆರೆಗಳೆಲ್ಲ ಅಳಿಸಿಹೋದವು, ಅವನ್ನು ಮರಳಿ ಪಡೆಯುವುದು ಹೇಗೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನಿಂಬೆರಸದಿಂದ ಬರೀ ಮಚ್ಚೆಗಳೆದ್ದವು. ಬಿಸಿ ವಿನೆಗರಿನಲ್ಲಿ ಗೆರೆಗಳು ಕಂಡರೂ ಒರೆಸಿದೊಡನೆ ಮಾಸಿದವು. ಕೆಲಸ ಮಾಡಿದ್ದು ಫೆರಿಕ್ ಕ್ಲೋರೈಡ್. ಸರ್ಕ್ಯೂಟ್ ಬೋರ್ಡ್ ತಯಾರಿಸುವವರಿಗೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮಾರುವ ಆ ದ್ರಾವಣದ ಒಂದು ಪಾಲನ್ನು ಮೂರು ಪಾಲು ನೀರಿಗೆ ಬೆರೆಸಿ, ಕೈಗವಸು ತೊಟ್ಟು, ಎಣ್ಣೆಯ ಜಿಡ್ಡು ಒಂದಿಷ್ಟೂ ಉಳಿಯದಂತೆ ತೊಳೆದ ಅಲಗನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಐದೈದು ನಿಮಿಷ ಮೂರು ಬಾರಿ ಅದ್ದಿದೆ. ಮೂರನೆಯ ಸಲ ಮೇಲೆತ್ತಿ ಕಪ್ಪು ಮಸಿಯನ್ನು ಒರೆಸಿದಾಗ, ಹಿಡಿಯಿಂದ ತುದಿಯವರೆಗೂ ಬೆಳ್ಳಿಗೆರೆಗಳು ಹೊಳೆದವು; ಉಗುರಿಗೂ ತಾಗುವಷ್ಟು ಉಬ್ಬಿದ್ದವು. ಬಳಿಕ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿದೆ.

ಈ ಚಿತ್ತಾರ ಬರೀ ಮೇಲ್ಮೈಯದಲ್ಲ ಎಂಬುದು ನನಗೆ ಹೊಸ ವಿಷಯ. ನನ್ನ ಚಾಕುವಿನಲ್ಲಿ 1095 ಮತ್ತು 15ಎನ್20 ಎಂಬ ಎರಡು ಉಕ್ಕುಗಳನ್ನು ಪದರಪದರವಾಗಿ ಬೆಸೆಯಲಾಗಿದೆ. ಎರಡನೆಯದರಲ್ಲಿ ಸುಮಾರು 2% ನಿಕ್ಕಲ್ ಇರುವುದರಿಂದ ಅದು ಆಮ್ಲಕ್ಕೆ ಮಣಿಯದೆ ಬೆಳ್ಳಗೇ ಉಳಿಯುತ್ತದೆ. ಹಳೆಯ ಡಮಾಸ್ಕಸ್ ಖಡ್ಗಗಳ ಬಗೆಯೇ ಬೇರೆ: ಅವುಗಳ ಚಿತ್ತಾರ ಮೂಸೆಯಲ್ಲಿ ಕರಗಿಸಿದ ವೂಟ್ಜ್ ಉಕ್ಕಿನೊಳಗೇ ಮೂಡಿದ್ದು, ಆ ವೂಟ್ಜ್ ಎಂಬ ಹೆಸರಿನ ಮೂಲ ನಮ್ಮ ‘ಉಕ್ಕು’ ಎಂದೇ ಹಲವು ವಿದ್ವಾಂಸರ ಅಭಿಪ್ರಾಯ.