ಅಪ್‌ಡೇಟ್: ನಿಲ್ದಾಣದ ಕಾಫಿ ಮಳಿಗೆಯಲ್ಲಿ ಪಾಯಿಂಟ್ ನಡೆಯದಿರಲು ಕಾರಣ ಸಿಕ್ಕಿತು

ರೈಲು ನಿಲ್ದಾಣದ ಕಾಫಿ ಮಳಿಗೆಯಲ್ಲಿ ಬ್ರ್ಯಾಂಡ್‌ನ ಆ್ಯಪ್ ತೋರಿಸಿದರೆ ಪಾಯಿಂಟ್ (ಖರೀದಿಗೆ ಪ್ರತಿಯಾಗಿ ಖಾತೆಗೆ ಸೇರುವ ಅಂಕ) ನಡೆಯುವುದಿಲ್ಲ ಎಂದರು, ಬೆಲೆಯೂ ಬೇರೆಡೆಗಿಂತ ಹೆಚ್ಚು, ಇದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ‘ಬಿಲ್ಲಿನ ಕೆಳಭಾಗ ಓದಿ’ ಎಂದವರ ಸಲಹೆಯೇ ಕೈಹಿಡಿಯಿತು. ಅಲ್ಲಿ ಬೇರೆಯೇ ಕಂಪನಿಯ ಹೆಸರಿತ್ತು.

ಫಲಕ, ಲೋಟ, ಸಮವಸ್ತ್ರ ಬ್ರ್ಯಾಂಡ್‌ನವು; ಸಿಬ್ಬಂದಿ ಮತ್ತು ಗಲ್ಲಾಪೆಟ್ಟಿಗೆ ಫ್ರಾಂಚೈಸಿ, ಅಂದರೆ ಆ ಹೆಸರಿನಲ್ಲಿ ಮಳಿಗೆ ನಡೆಸುವ ಪರವಾನಗಿ, ಪಡೆದವರದು. ಇದು ಹಲವು ದೇಶಗಳಲ್ಲಿರುವ ಪದ್ಧತಿ. ಲಂಡನ್ ಮೂಲದ ಎಸ್‌ಎಸ್‌ಪಿ ಗ್ರೂಪ್‌ನಂಥ ಕಂಪನಿಗಳು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಸ್ವಂತ ಬ್ರ್ಯಾಂಡ್‌ಗಳ ಜೊತೆಗೆ ಇತರರ ಬ್ರ್ಯಾಂಡ್‌ಗಳನ್ನೂ ಪರವಾನಗಿ ಪಡೆದು ನಡೆಸುತ್ತವೆ. ಸಾಮಾನ್ಯವಾಗಿ ಬ್ರ್ಯಾಂಡ್‌ಗೆ ರಾಯಧನ, ನಿಲ್ದಾಣಕ್ಕೆ ವಹಿವಾಟಿನಲ್ಲಿ ಪಾಲು ಎರಡನ್ನೂ ತೆರಬೇಕು. ಅದರ ಭಾರ ನಮ್ಮ ಲೋಟದ ಮೇಲೆ ಬೀಳುತ್ತದೆ. ಬಿಲ್ಲಿಂಗ್ ವ್ಯವಸ್ಥೆ ಆ್ಯಪ್‌ಗೆ ಜೋಡಣೆಯಾಗಿರದಿದ್ದರೆ ಪಾಯಿಂಟ್ ದಾಖಲಾಗುವುದೇ ಇಲ್ಲ. ಪಾಪ, ಕೌಂಟರಿನಲ್ಲಿದ್ದ ಹುಡುಗಿ ಏನು ಮಾಡಿಯಾಳು!

ದೂರಿನ ಕಥೆ ಹೀಗಾಯಿತು: ಬ್ರ್ಯಾಂಡ್‌ನವರು ‘ಮಳಿಗೆ ನಡೆಸುವವರನ್ನು ಕೇಳಿ’ ಎಂದರು, ಅವರು ‘ಪಾಯಿಂಟ್ ವಿಷಯ ಬ್ರ್ಯಾಂಡ್‌ನದು’ ಎಂದರು. ಕೊನೆಗೆ ಬಿಲ್ಲಿನ ಚಿತ್ರ ಲಗತ್ತಿಸಿ ಇಬ್ಬರಿಗೂ ಒಂದೇ ಇಮೇಲ್ ಕಳುಹಿಸಿದೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೂ ಕಾಣುವಂತಾದ ಮೇಲೆಯೇ ಕೆಲಸ ಸಾಗಿದ್ದು. ಬ್ರ್ಯಾಂಡ್‌ನವರು ಪಾಯಿಂಟ್‌ಗಳನ್ನು ಖಾತೆಗೆ ಸೇರಿಸಿದರು.

ಆದರೆ ನನ್ನ ಸಿಟ್ಟು ಇಳಿದಿಲ್ಲ. ಅವಸರದ ಪ್ರಯಾಣಿಕ ಫಲಕವನ್ನು ನಂಬಿಯೇ ಒಳಗೆ ಹೋಗುತ್ತಾನೆ. ‘ಇಲ್ಲಿ ಪಾಯಿಂಟ್ ಅನ್ವಯಿಸದು, ಬೆಲೆ ಬೇರೆ’ ಎಂದು ಬಾಗಿಲಲ್ಲೂ ಆ್ಯಪ್‌ನಲ್ಲೂ ಬರೆಯಬೇಕೆಂದು ಕೇಳಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.